ಚಟಕ್ಕೆ ಚಿಕಿತ್ಸೆ ಶುರು ಮಾಡುವ ಮುಂಚೆ ಅವರಿಗೇನು ಬೇಕು ಅಂತ ಕೇಳಿ

ಕುಡಿತಕ್ಕೋ ಡ್ರಗ್ಸ್‌ಗೋ ಚಿಕಿತ್ಸೆ ಬೇಕು ಅಂತ ಬಂದವರ ಮುಂದೆ ನಾವು ಮೊದಲು ಇಡುವುದು ನಮ್ಮ ಗುರಿಯನ್ನೇ: ಇವತ್ತಿಂದಲೇ ಪೂರ್ತಿ ಬಿಡಬೇಕು. ಅವರು ಹೂಂ ಅನ್ನುತ್ತಾರೆ. ಮುಂದಿನ ವಾರ ಬರುವುದೇ ಇಲ್ಲ. ಡಾಕ್ಟರಾಗಲಿ ಕೌನ್ಸೆಲರ್ ಆಗಲಿ, ಶುರು ಮಾಡಬೇಕಾದದ್ದು ಇನ್ನೊಂದು ತುದಿಯಿಂದ.

"ಎಷ್ಟು ಕುಡೀತೀರಿ?" ಅಂತ ಕೇಳುವ ಮುಂಚೆ "ಏನು ಬದಲಾದರೆ ಇಲ್ಲಿಗೆ ಬಂದದ್ದು ಸಾರ್ಥಕ ಅನಿಸುತ್ತೆ?" ಅಂತ ಕೇಳಿ. ಎಷ್ಟೋ ಸಲ ಉತ್ತರದಲ್ಲಿ ಕುಡಿತದ ಸುದ್ದಿಯೇ ಇರುವುದಿಲ್ಲ. ನಿದ್ದೆ ಬರಬೇಕು, ಕೆಲಸ ಉಳಿಯಬೇಕು, ಮಗಳು ಮತ್ತೆ ಮಾತಾಡಬೇಕು. ಅದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಆಮೇಲೆ "ಬದಲಾಗಬೇಕು ಅಂತ ಎಷ್ಟು ಅನಿಸ್ತಿದೆ? 0ಯಿಂದ 10ರೊಳಗೆ ಒಂದು ಅಂಕಿ ಹೇಳಿ" ಅನ್ನಿ. ಅವರು 4 ಅಂದರೆ "ಯಾಕೆ 8 ಅಲ್ಲ?" ಅಂತ ಮಾತ್ರ ಕೇಳಬೇಡಿ, ಕುಡಿಯಲು ಇರುವ ಕಾರಣಗಳನ್ನೆಲ್ಲ ಒಂದೊಂದಾಗಿ ಹೇಳಿಬಿಡುತ್ತಾರೆ. "2 ಯಾಕಲ್ಲ?" ಅಂತ ಕೇಳಿದರೆ ಬಿಡಲು ಇರುವ ಕಾರಣ ಅವರ ಬಾಯಿಂದಲೇ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಪದ್ಧತಿ, ಅಂದರೆ ಬದಲಾಗುವ ಕಾರಣವನ್ನು ಅವರ ಬಾಯಿಂದಲೇ ಹೊರತರುವ ಮಾತುಕತೆ, ಇದೇ ಜಾಡಿನದು. ನೀವು ವಾದ ಮಾಡಿದಷ್ಟೂ ಎದುರಿಗಿದ್ದವರ ಹಠ ಜಾಸ್ತಿಯಾಗುತ್ತದೆ, ಅಷ್ಟೇ.

ಗುರಿ ಬದಲಾದರೆ ಔಷಧಿಯೂ ಬದಲಾಗುತ್ತದೆ. ಕಡಿಮೆ ಮಾಡಿದರೆ ಸಾಕು ಅನ್ನುವವರಿಗೆ ನಾಲ್ಟ್ರೆಕ್ಸೋನ್ ಕೊಡಬಹುದು. ಕುಡಿಯುತ್ತಿರುವಾಗಲೂ ತೆಗೆದುಕೊಳ್ಳಬಹುದು, ಕುಡಿತದ ಮಜಾ ತಗ್ಗಿಸುತ್ತದೆ. ಆದರೆ ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್ ಥರದವು) ತೆಗೆದುಕೊಳ್ಳುತ್ತಿರುವವರಿಗೆ ಅದು ಸಲ್ಲದು, ತಕ್ಷಣ ವಿತ್‌ಡ್ರಾವಲ್, ಅಂದರೆ ಡ್ರಗ್ಸ್ ನಿಂತಾಗ ಆಗುವ ನರಳಾಟ, ಶುರುವಾಗುತ್ತದೆ. ಈಗಾಗಲೇ ನಿಲ್ಲಿಸಿ ಹಾಗೇ ಉಳಿಯಬೇಕು ಅನ್ನುವವರಿಗೆ ಅಕಾಂಪ್ರೊಸೇಟ್ ಇದೆ. ಪೂರ್ತಿ ಬಿಡುವವರಿಗೆ ಕೊಡುವ ಡೈಸಲ್ಫಿರಾಮ್ ತೆಗೆದುಕೊಂಡು ಕುಡಿದರೆ ವಾಂತಿ, ಎದೆಬಡಿತ, ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯ. ಕಡಿಮೆ ಮಾಡುವ ಗುರಿ ಇದ್ದವರಿಗೆ ಅದನ್ನು ಕೊಡುವುದು ತಪ್ಪು.

ಅವರ ಗುರಿ ಅಂದ ಮಾತ್ರಕ್ಕೆ ಸುಮ್ನೆ ತಲೆಯಾಡಿಸಿ ಅಂತಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು "ನಾಳೆಯಿಂದಲೇ ಬಂದ್" ಅಂದರೆ ಖುಷಿಪಡಬೇಡಿ. ತಟಕ್ಕನೆ ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಸನ್ನಿ ಹಿಡಿಯಬಹುದು, ಹಾಗಾಗಿ ಡಾಕ್ಟರ ನಿಗಾ ಬೇಕೇ ಬೇಕು. ಬಸುರಿಯರಿಗೆ, ಲಿವರ್ ಸಿರೋಸಿಸ್ ಆದವರಿಗೆ ಕುಡಿತದಲ್ಲಿ ಸುರಕ್ಷಿತ ಅಳತೆ ಅಂತ ಇಲ್ಲ, ಅದನ್ನು ನೇರವಾಗಿ ಹೇಳಿ. ಹೆರಾಯಿನ್ ವಿಷಯ ಇನ್ನೂ ಸೂಕ್ಷ್ಮ. ಕೆಲವು ವಾರ ನಿಲ್ಲಿಸಿದರೆ ದೇಹದ ತಾಳಿಕೆ ಇಳಿದಿರುತ್ತದೆ, ಮತ್ತೆ ಹಳೇ ಡೋಸ್ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅದಕ್ಕೇ ಹೆರಾಯಿನ್ ಬದಲಿಗೆ ಡಾಕ್ಟರ್ ಕೊಡುವ ಔಷಧಿಗಳಾದ ಬ್ಯುಪ್ರೆನಾರ್ಫಿನ್, ಮೆಥಡೋನ್. "ಬಿಡೋಕಂತೂ ಆಗಲ್ಲ, ಸಾಯದೆ ಇದ್ದರೆ ಸಾಕು" ಅನ್ನುವವರಿಗೂ ಕೊಡಲು ನಿಮ್ಮ ಹತ್ತಿರ ಏನಾದರೂ ಇರಬೇಕು: ಹೊಸ ಸೂಜಿ, ಡೋಸ್ ಜಾಸ್ತಿಯಾಗಿ ಉಸಿರು ನಿಂತರೆ ಉಳಿಸುವ ಔಷಧಿ ನಾಲೊಕ್ಸೋನ್ ಕೈಗೆಟುಕುವಲ್ಲಿ, ಒಬ್ಬರೇ ಇದ್ದಾಗ ಚುಚ್ಚಿಕೊಳ್ಳಬೇಡಿ ಅನ್ನುವ ಮಾತು.

ಗುರಿಗೆ ಲೆಕ್ಕ ಬೇಕು. ಕಡಿಮೆ ಮಾಡ್ತೀನಿ ಅನ್ನುವವರು ಎಷ್ಟು ಕುಡಿದೆ ಅಂತ ದಿನವೂ ಬರೆದಿಡಲಿ. ಲೆಕ್ಕ ಹಾಕಲು ಇಷ್ಟು ಗೊತ್ತಿರಲಿ: 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕೆಲವು ವಾರ ಬಿಟ್ಟು ಆ ಹಾಳೆಯನ್ನು ಇಬ್ಬರೂ ಕೂತು ನೋಡಿ. ತಾವೇ ಹಾಕಿಕೊಂಡ ಮಿತಿ ಪದೇ ಪದೇ ದಾಟಿದ್ದು ಕಂಡರೆ "ಪೂರ್ತಿ ಬಿಡೋದೇ ಸುಲಭವೇನೋ" ಅಂತ ಅವರೇ ಹೇಳುವುದುಂಟು. ನೀವು ಮೊದಲ ದಿನ ಹೇಳಿದ್ದರೆ ಒಪ್ಪುತ್ತಿದ್ದರಾ?

ಮನೆಯವರ ಗುರಿ ಬೇರೆಯೇ ಇರುತ್ತದೆ. ಅದನ್ನೂ ಕೇಳಿ, ಆದರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.