ಬಂಗುಡೆ ತಂದ ಮೇಲೆ ತಡಮಾಡಬಾರದು

ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳನ್ನು ಮನೆಗೆ ತಂದರೆ, ಮಸಾಲೆ ಅರೆಯಲು ಕೂರುವ ಮೊದಲು ಅವುಗಳನ್ನು ತಂಪಿಗೆ ಸೇರಿಸಬೇಕು. ಸಮುದ್ರದಲ್ಲಿ ಬಿಡುವಿಲ್ಲದೆ ವೇಗವಾಗಿ ಈಜುವ ಈ ಮೀನುಗಳ ಮಾಂಸಖಂಡದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿ ಶೇಖರವಾಗಿದ್ದು, ಈಜಿನ ಶ್ರಮದಿಂದ ಸ್ನಾಯುವಿನಲ್ಲಿ ಏರುವ ಆಮ್ಲೀಯತೆಯನ್ನು ತಾಳಿಕೊಳ್ಳಲು ಅದು ನೆರವಾಗುತ್ತದೆ. ಆದರೆ ಸತ್ತ ಮೀನು ಸೆಕೆಯಲ್ಲಿ ಉಳಿದರೆ, ಕಿವಿರು ಮತ್ತು ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹರಡಿ, ಅದೇ ದಾಸ್ತಾನನ್ನು ಹಿಸ್ಟಮಿನ್ ಆಗಿ, ಅಂದರೆ ಹೆಚ್ಚಾದರೆ ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕವಾಗಿ, ಮಾರ್ಪಡಿಸುತ್ತವೆ.

ನಮ್ಮ ಸ್ನಾಯುಗಳಲ್ಲೂ ಹಿಸ್ಟಿಡಿನ್ ಕಾರ್ನೊಸಿನ್ ಎಂಬ ರೂಪದಲ್ಲಿ ಕೂಡಿಟ್ಟಿರುತ್ತದೆ. ಊಟದಲ್ಲಿ ಅದು ಬಹುಕಾಲ ಕಡಿಮೆಯಾದರೆ ದೇಹವು ಅಲ್ಲಿಂದಲೂ ರಕ್ತದ ಹಿಮೋಗ್ಲೋಬಿನ್‌ನಿಂದಲೂ ಅದನ್ನು ಬಿಡಿಸಿಕೊಳ್ಳುತ್ತದೆ. ಜೀವಂತ ದೇಹ ತನಗೆ ಬೇಕಾದ ಹಿಸ್ಟಮಿನ್ ಅನ್ನು ಹಿಸ್ಟಿಡಿನ್‌ನಿಂದ ಅಳತೆಯಾಗಿ ತಯಾರಿಸಿಕೊಳ್ಳುತ್ತದೆ. ಸತ್ತ ಮೀನಿನಲ್ಲಿ ಆ ಹಿಡಿತ ಇರುವುದಿಲ್ಲ.

ಹಿಂದೊಮ್ಮೆ ಬೆಳಿಗ್ಗೆ ತಂದ ಬಂಗುಡೆಯನ್ನು ಮಧ್ಯಾಹ್ನದವರೆಗೆ ಬುಟ್ಟಿಯಲ್ಲೇ ಬಿಟ್ಟು, ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದರೆ ಸಾಕೆಂದು ನಂಬಿ ಪುಳಿಮುಂಚಿ ಮಾಡಿದ್ದೆ. ಉಂಡು ಅರ್ಧ ಗಂಟೆಯೊಳಗೆ ಇಬ್ಬರ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬಂತು. ನನಗೆ ಆದ ಸಂಕಟ ಇಂದಿಗೂ ಮರೆತಿಲ್ಲ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ಉಪ್ಪು ಹಾಕಿದರೂ, ಫ್ರೀಜರ್‌ನಲ್ಲಿಟ್ಟರೂ ನಾಶವಾಗುವುದಿಲ್ಲ. ವಾಸನೆ ಚೆನ್ನಾಗಿದೆ ಎಂಬುದೂ ಭರವಸೆಯಲ್ಲ.

ಆದ್ದರಿಂದ ಪೇಟೆಯಲ್ಲಿ ಉಳಿದ ಸಾಮಾನನ್ನೆಲ್ಲ ಕೊಂಡ ಮೇಲೆ, ಕೊನೆಯಲ್ಲಿ, ಮಂಜುಗಡ್ಡೆಯಲ್ಲಿ ಹೂತಿಟ್ಟ ಮೀನನ್ನೇ ಕೊಳ್ಳಬೇಕು, ಮತ್ತು ಮಂಜುಗಡ್ಡೆಯೊಂದಿಗೇ ಚೀಲಕ್ಕೆ ಹಾಕಿಸಿಕೊಳ್ಳಬೇಕು. ಮನೆಗೆ ಬಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಟ್ಟು ಅಂದೇ ಅಡುಗೆ ಮಾಡುವುದು ಉತ್ತಮ. ಫ್ರೀಜರ್‌ನಲ್ಲಿಟ್ಟದ್ದನ್ನು ಅಡುಗೆಕಟ್ಟೆಯ ಮೇಲಿಟ್ಟು ಕರಗಿಸದೆ, ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಖಾನೆಗೆ ಇಳಿಸಿ. ಹೊರಗೆ ಕರಗಿಸಿದರೆ ಬ್ಯಾಕ್ಟೀರಿಯಾಗಳು ಮತ್ತೆ ಚುರುಕಾಗುತ್ತವೆ.

ಬಾಯಲ್ಲಿ ಕಾಳುಮೆಣಸಿನಂಥ ಚುರುಗುಟ್ಟುವ ರುಚಿ ಕಂಡರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ. ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಒಮ್ಮೆ ಹೀಗಾಯಿತೆಂದು ಮೀನೇ ಆಗದೆಂದು ತಾವೇ ತೀರ್ಮಾನಿಸಿ ಜೀವನಪೂರ್ತಿ ಬಿಟ್ಟವರನ್ನು ನಾನು ಬಲ್ಲೆ. ಅಲರ್ಜಿಯೋ, ಕೆಟ್ಟ ಮೀನಿನ ಹಿಸ್ಟಮಿನ್ನೋ ಎಂಬುದನ್ನು ವೈದ್ಯರೇ ನಿರ್ಧರಿಸಲಿ, ಮತ್ತು ಅಂದು ಮೀನು ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನು ಅವರಿಗೆ ಮರೆಯದೆ ತಿಳಿಸಿ.