ಒದ್ದೆ ನೀರುನಾಯಿಗೆ ಬೀಮ್: ಮಾಂಡವಿ ಖಾಜನ್‌ನಲ್ಲಿ ಕೊನೆಗೂ ಕೆಲಸ ಮಾಡಿದ ಸೆಟಪ್

"ನೀರುನಾಯಿ ಟ್ರ್ಯಾಪ್ ಕ್ಯಾಮೆರಾಗೆ ಬೀಳಲ್ಲ, ದೋಣಿ ಹತ್ತಿ ಉದ್ದ ಲೆನ್ಸ್ ಹಿಡಿ" ಅಂತ ಗೋವಾದ ಫೋಂಡಾ, ವಾಸ್ಕೋ ಕಡೆಯ ನಮ್ಮ ಕನ್ನಡದ ಫೋಟೋ ಮಂದಿ ಹೇಳುತ್ತಲೇ ಇದ್ದರು. ಮಾಂಡವಿ ನದಿಯ ಚೋಡಣ, ದಿವಾಡಿ ದ್ವೀಪಗಳ ಖಾಜನ್ (ಉಬ್ಬರದ ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ತಗ್ಗು ಗದ್ದೆ) ಒಡ್ಡುಗಳಿಂದ ಮೀಸೆ ಎಣಿಸುವಷ್ಟು ಚೊಕ್ಕ ಫ್ರೇಮ್‌ಗಳು ಬಂದ ಮೇಲೆ ಅವರೇ ಈಗ ವೈರಿಂಗ್ ಕೇಳುತ್ತಿದ್ದಾರೆ.

ಅವರ ಮಾತು ಅರ್ಧ ನಿಜ. ಪ್ರಾಣಿ ಹಾದಾಗ ತಾನಾಗಿ ಕ್ಲಿಕ್ಕಿಸುವ ಮಾಮೂಲಿ ಟ್ರ್ಯಾಪ್‌ನ ಪಿಐಆರ್ ಸೆನ್ಸರ್ (ಬಿಸಿ ಗುರುತಿಸುವ ಕಣ್ಣು) ನೋಡುವುದು ಪ್ರಾಣಿಯನ್ನಲ್ಲ, ಮೈಮೇಲ್ಮೈಗೂ ಹಿನ್ನೆಲೆಗೂ ಇರುವ ಬಿಸಿಯ ಅಂತರವನ್ನು. ನೀರಿನಿಂದ ಎದ್ದ ನೀರುನಾಯಿಯ ಒಳತುಪ್ಪಳ ಮೈಕಾವನ್ನು ಹೊರಗೆ ಬಿಡುವುದಿಲ್ಲ, ಹೊರಕೂದಲು ನೀರಿನಷ್ಟೇ ತಣ್ಣಗಿರುತ್ತದೆ. ಹಾಗಾಗಿ ದಡ ಹತ್ತುವ ಜಾಗಕ್ಕೆ ಗುರಿಯಿಟ್ಟ ಕ್ಯಾಮೆರಾದಲ್ಲಿ ಸಿಗುವುದು ನಾಯಿ, ಬೆಳ್ಳಕ್ಕಿ, ಬಿಸಿಲಲ್ಲಿ ಅಲ್ಲಾಡುವ ಕಾಂಡ್ಲಾ ಎಲೆ. ಕೆಸರಲ್ಲಿ ಐದು ಬೆರಳಿನ ಹೆಜ್ಜೆ ತಾಜಾ ಇರುತ್ತದೆ, ಕಾರ್ಡ್ ಮಾತ್ರ ಖಾಲಿ. ಸೆನ್ಸಿಟಿವಿಟಿ ಹೈ ಮಾಡಿದರೆ ಎಲೆಗಳ ಚಿತ್ರ ಹೆಚ್ಚುತ್ತದೆ, ಅಷ್ಟೇ.

ದುಡ್ಡು ಹೋದದ್ದೂ ಇಲ್ಲೇ. ಏಳು ಸಾವಿರದ ಅಗ್ಗದ ಟ್ರ್ಯಾಪ್ ಒಂದು ಸೀಸನ್‌ಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು. ಹದಿನೆಂಟು ಸಾವಿರದ್ದು ಬಾಳಿತು, ಆದರೆ ಅದರೊಳಗೆ ಇರುವೆ ಗೂಡು ಕಟ್ಟಿತು. ಸ್ಪೀಕರ್ ತೂತು, ಕೇಬಲ್ ತೂತು ಎಲ್ಲಕ್ಕೂ ಸಿಲಿಕೋನ್ ಬಳಿಯಿರಿ, ಬೆಲ್ಟ್‌ಗೆ ಗ್ರೀಸ್ ಸವರಿ. ಆ ಟ್ರ್ಯಾಪನ್ನು ಈಗ ಹಿಕ್ಕೆ ಹಾಕುವ ಜಾಗದಿಂದ ವಾಪಸ್ ಹೋಗುವ ದಾರಿಗೆ ಕಟ್ಟುತ್ತೇನೆ, ಹತ್ತುವ ದಾರಿಗಲ್ಲ. ಮರಳಲ್ಲಿ ಹೊರಳಿ ಮೈ ಒರೆಸಿಕೊಂಡ ಮೇಲೆ ಮುಖ, ಕಾಲು ಬಿಸಿಯಾಗಿ ಕಾಣುತ್ತವೆ, ಪಿಐಆರ್ ಹಿಡಿಯುತ್ತದೆ. ಎಲ್‌ಇಡಿ ಮೇಲೆ ಎರಡು ಪದರ ಮೆಡಿಕಲ್ ಟೇಪ್ ಅಂಟಿಸಿದರೆ ಒದ್ದೆ ಕೂದಲು ಬಿಳಿಚಿಕೊಳ್ಳುವುದಿಲ್ಲ. ಒಂದೂವರೆ ಮೀಟರ್ ಹತ್ತಿರದಿಂದ ತೆಗೆಯಬೇಕಾದರೆ ಲೆನ್ಸ್ ಮುಂದೆ +0.50 ಕನ್ನಡಕದ ಗಾಜಿನ ತುಂಡು ಅಂಟಿಸಿ. ಕನ್ನಡಕದಂಗಡಿಯವನು ನೂರಿನ್ನೂರಕ್ಕೆ ಕತ್ತರಿಸಿ ಕೊಡುತ್ತಾನೆ.

ಒಳ್ಳೆ ಚಿತ್ರ ಮಾತ್ರ ಬೀಮ್‌ನದೇ, ಅಂದರೆ ದಾರಿಗಡ್ಡ ಹಾಯುವ ಕಾಣದ ಕಿರಣ; ಪ್ರಾಣಿ ಅದನ್ನು ಕಡಿದರೆ ಡಿಎಸ್‌ಎಲ್‌ಆರ್ ಕ್ಲಿಕ್ ಆಗುತ್ತದೆ. ರೋಲಿಂಗ್ ಗೇಟ್‌ಗೆ ಹಾಕುವ ಎದುರುಬದುರು ಫೋಟೋ ಸೆನ್ಸರ್ ಜೋಡಿ, 12 ವೋಲ್ಟ್ ರಿಲೇ (ತಾನಾಗಿ ಒತ್ತುವ ಸ್ವಿಚ್) ಔಟ್‌ಪುಟ್ ಇರುವಂಥದ್ದು, ಎರಡು ಸಾವಿರದೊಳಗೆ. ನೆಲದಿಂದ 18-20 ಸೆಂ.ಮೀ. ಎತ್ತರಕ್ಕೆ ಕಟ್ಟಿ. ಅದಕ್ಕಿಂತ ಕೆಳಗಿಟ್ಟರೆ ರಾತ್ರಿಯಿಡೀ ಏಡಿಗಳ ಮೆರವಣಿಗೆ. ಈ ಎತ್ತರದಲ್ಲಿ ಬೆಳ್ಳಕ್ಕಿಯ ತೆಳು ಕಾಲು ಬೀಮನ್ನು ಪೂರ್ತಿ ಮುಚ್ಚುವುದಿಲ್ಲ. ರಿಲೇಯ ಎನ್‌ಒ (ಮಾಮೂಲಿಗೆ ತೆರೆದಿರುವ) ತುದಿಯನ್ನು ಕ್ಯಾಮೆರಾದ 2.5 ಎಂಎಂ ರಿಮೋಟ್ ಜಾಕ್‌ಗೆ ಕೊಡಿ, ಫೋಕಸ್ ವೈರ್, ಶಟರ್ ವೈರ್ ಎರಡನ್ನೂ ಸೇರಿಸಿ. ಫೋಕಸ್ ಮ್ಯಾನುಯಲ್, ರಿಂಗ್ ಮೇಲೆ ಟೇಪ್. 12 ವೋಲ್ಟ್ 7 ಎಎಚ್ ಬ್ಯಾಟರಿ ನಾಲ್ಕೈದು ದಿನ ಬರುತ್ತದೆ.

ನಿದ್ದೆಗೆ ಹೋದ ಡಿಎಸ್‌ಎಲ್‌ಆರ್ ಬೀಮ್ ಕಡಿದ ಕೂಡಲೇ ಎಚ್ಚರವಾಗುತ್ತದೆ, ಚಿತ್ರ ಮಾತ್ರ ತಪ್ಪುತ್ತದೆ ಅನ್ನುವುದು ಎಲ್ಲರ ದೂರು. ಇಲ್ಲಿ ಅದು ತೊಂದರೆಯೇ ಅಲ್ಲ. ನಮ್ಮ ಖಾಜನ್‌ನವು ಒಂಟಿಯಾಗಿ ಓಡಾಡುವುದು ಕಡಿಮೆ, ಮನೆಮಂದಿಯೆಲ್ಲ ಸಾಲಾಗಿ ಬರುತ್ತವೆ. ಮೊದಲನೆಯದು ಕ್ಯಾಮೆರಾ ಎಬ್ಬಿಸುತ್ತದೆ, ಎರಡನೆಯದು ಫ್ರೇಮಿಗೆ ಬೀಳುತ್ತದೆ. ಫ್ಲಾಶ್ ಮಾತ್ರ ತಡಮಾಡಬಾರದು. ಹಳೆಯ ನಿಕಾನ್ ಎಸ್‌ಬಿ-28 ಸ್ಟ್ಯಾಂಡ್‌ಬೈಯಿಂದ ತಟ್ಟನೆ ಏಳುತ್ತದೆ, ಸೆಕೆಂಡ್‌ಹ್ಯಾಂಡ್‌ನಲ್ಲಿ ಮೂರು-ನಾಲ್ಕು ಸಾವಿರಕ್ಕೆ ಸಿಕ್ಕರೆ ಬಿಡಬೇಡಿ. ಎರಡು ಫ್ಲಾಶ್ 1/16 ಪವರ್, ಎಫ್/8, ಐಎಸ್‌ಒ 400, 1/200. ಪುಟ್ಟ ಹೆಜ್ಜೆಗಳು ಕಂಡರೆ ಸೆಟಪ್ ಬಿಚ್ಚಿ. ಚಳಿಗಾಲ ಮರಿಗಳ ಕಾಲ, ಬಿಲದ ಹತ್ತಿರ ಫ್ಲಾಶ್ ಬೇಡವೇ ಬೇಡ.

ಜಾಗ ಹುಡುಕುವುದು ಮೂಗಿನ ಕೆಲಸ. ತಾಜಾ ಹಿಕ್ಕೆ ಕಪ್ಪಗೆ, ಲೋಳೆಯಾಗಿ, ಮೀನು ನಾರುತ್ತದೆ. ಒಣಗಿ ಬೆಳ್ಳಗಾಗಿ ಬರೀ ಹುರುಪೆ, ಏಡಿಚಿಪ್ಪು ಉಳಿದಿದ್ದರೆ ಅದು ಹಳೆಯದು. ಎರಡೂ ಒಂದೇ ಕಡೆ ಇದ್ದರೆ ಅಲ್ಲೇ ಕಟ್ಟಿ. ಮೊದಲು ಒಂದೆರಡು ರಾತ್ರಿ ಬರೀ ಕೆಸರು ಸವರಿ ನಯ ಮಾಡಿ ಬಿಡಿ. ಹೆಜ್ಜೆ ಯಾವ ದಿಕ್ಕಿಗೆ ಅನ್ನುವುದು ಬೀಮ್ ಹಾಕುವ ಮುಂಚೆ ಗೊತ್ತಾಗಬೇಕು. ಮಾನಸ್ ಅಂದರೆ ತೂಬಿನ ಬಾಗಿಲು ಆಸೆ ಹುಟ್ಟಿಸುತ್ತದೆ. ಇಳಿತದಲ್ಲಿ ಅದು ತೆರೆದಾಗ ಮೀನು ಅಲ್ಲಿ ಸೇರುತ್ತದೆ, ನೀರುನಾಯಿಯೂ ಬರುತ್ತದೆ. ಆದರೆ ಹರಾಜಿನಲ್ಲಿ ಮೀನು ಹಕ್ಕು ಹಿಡಿದವರು ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ರಾತ್ರಿ ಬಲೆ ಹಾಕಿರುತ್ತಾರೆ. ಅವರನ್ನು ಕೇಳದೆ ಏನೂ ಕಟ್ಟಬೇಡಿ, ಕೇಳಿಯೂ ನೂರು ಮೀಟರ್ ದೂರ ಕಟ್ಟಿ. ಸಲೀಂ ಅಲಿ ಪಕ್ಷಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಲೇಬೇಡಿ. ಕುಂಭಾರಜುವೆ ಕಾಲುವೆಯಲ್ಲಿ ಮೊಸಳೆಗಳಿವೆ, ಕತ್ತಲಲ್ಲಿ ನೀರಂಚಿಗೆ ಕೂತು ಬ್ಯಾಟರಿ ಬದಲಿಸುವ ಶೌರ್ಯ ಬೇಡ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಅದನ್ನು ನೋಡಿಕೊಂಡು ಹೋಗಿ. ಹುಣ್ಣಿಮೆಯ ನೀರು ಮಾಮೂಲಿ ಗುರುತಿಗಿಂತ ಮೇಲೇರಿ ಬ್ಯಾಟರಿ ಡಬ್ಬಿ ಮುಳುಗಿಸುತ್ತದೆ.

ಜನವರಿ ಬೆಳಗಿನ ಇಬ್ಬನಿ ಇನ್ನೊಂದು ಕಾಟ. ಲೆನ್ಸ್‌ಗೆ ರೆಸಿಸ್ಟರ್ ಹೀಟರ್ ಕಟ್ಟಿ ನೋಡಿದೆ. ಎರಡು ವ್ಯಾಟ್‌ಗೇ ಬ್ಯಾಟರಿ ಎರಡು ದಿನ ತುಂಬುವ ಮೊದಲು ಮುಗಿಯಿತು. ತೆರೆದ ಆಕಾಶ ಕಂಡ ಗಾಜು ಬೇಗ ತಣಿಯುತ್ತದೆ, ಇಬ್ಬನಿ ಕೂರುವುದು ಅದಕ್ಕೇ. ಮೇಲೊಂದು ಅಡಿಕೆ ಹಾಳೆ ಬಾಗಿಸಿ ಮಾಡು ಕಟ್ಟಿದೆ, ಸಮಸ್ಯೆ ಹೋಯಿತು, ಖರ್ಚು ಸೊನ್ನೆ. ಕಬ್ಬಿಣದ ಪೆಟ್ಟಿಗೆ ಮಾಡಿಕೊಟ್ಟ ವಿಜಯಪುರ ಕಡೆಯ ವೆಲ್ಡರ್ ಮಾತ್ರ ಎಂಟುನೂರು ತೆಗೆದುಕೊಂಡ.

ಸತ್ತ ಮೀನು ಇಟ್ಟೂ ನೋಡಿದ್ದಾಯಿತು. ಬಂದದ್ದು ಊರ ನಾಯಿಗಳು, ಹದ್ದುಗಳು. ಇದೇ ಬೀಮ್ ಹಗಲಲ್ಲಿ ಮೀಂಚುಳ್ಳಿಗೆ ಚೆನ್ನಾಗಿ ಆಗುತ್ತದೆ, ಕೊಂಬೆಯ ಮುಂದೆ ಲಂಬವಾಗಿ ಕಟ್ಟಿದರೆ ಸಾಕು.

ಹಳೇ ಬಾಡಿ, ಕಿಟ್ ಲೆನ್ಸ್ ಸೇರಿ ಕೆಲಸಕ್ಕೆ ಬಂದ ಸಾಮಾನಿನ ಲೆಕ್ಕ ಮೂವತ್ತು ಸಾವಿರದ ಸುಮಾರು. ಹಾಳಾದದ್ದರ ಲೆಕ್ಕ ಬೇರೆ. ಸಾಲಿನಲ್ಲಿ ಬರುವ ಎರಡನೆಯದು ಸರಿಯಾಗಿ ಕ್ಯಾಮೆರಾ ಕಡೆ ತಲೆಯೆತ್ತುವಂತೆ ಮಾಡುವ ಒಂದು ಉಪಾಯವಿದೆ, ಸದ್ದು ಅಲ್ಲ, ವಾಸನೆಯೂ ಅಲ್ಲ. ಅದು ಇಲ್ಲಿ ಬೇಡ, ಒಡ್ಡುಗಳ ಹೆಸರೂ ಬೇಡ. ಮುಂದಿನದು ಘಟ್ಟದ ತೊರೆಗಳ ಚಿಕ್ಕ ಉಗುರಿನ ನೀರುನಾಯಿ. ಅದಕ್ಕೆ ಬೀಮ್ 12 ಸೆಂ.ಮೀ.ಗೆ ಇಳಿಸಿದ್ದೇನೆ, ಉಪ್ಪಿನ ಕಾಟವಿಲ್ಲ, ಆದರೆ ಆ ಎತ್ತರದಲ್ಲಿ ತೊರೆಯ ಕಪ್ಪೆಗಳೂ ಹಾರಿ ಬೀಮ್ ಕಡಿಯುತ್ತಿವೆ. ಒಂದರ ಮೇಲೊಂದು ಎರಡು ಬೀಮ್ ಹಾಕಿ, ಎರಡೂ ಕಡಿದರೆ ಮಾತ್ರ ರಿಲೇ ಬೀಳುವಂತೆ ವೈರ್ ಮಾಡುತ್ತಿದ್ದೇನೆ.