ಪಿಎಸ್‌ಡಿ ಡಿಸೈನ್‌ಗಳನ್ನು ಆಕ್ಸೆಸ್ ಫಾರ್ಮ್‌ನಲ್ಲಿ ತೋರಿಸಿದ್ದು ಹೇಗೆ: ನನ್ನ ಅನುಭವ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್, ಎಲ್ಲಾ ಫೋಟೋಶಾಪ್‌ನಲ್ಲೇ ಆಗುತ್ತದೆ. ಹಳೇ ಡಿಸೈನ್‌ಗಳು ಪಿಎಸ್‌ಡಿ (ಫೋಟೋಶಾಪ್‌ನ ಸ್ವಂತ ಮಾದರಿಯ) ಫೈಲ್‌ಗಳಾಗಿ ಫೋಲ್ಡರ್ ತುಂಬಾ ಬಿದ್ದಿದ್ದವು. ಸಾಗರದ ಕಡೆಯವರು ಬಂದು "ಹಸೆ ಚಿತ್ತಾರದ ಬಾರ್ಡರ್ ಇರೋದು ತೋರ್ಸಿ ಮಾರಾಯ್ರೆ" ಅಂದರೆ ಹುಡುಕುತ್ತಾ ಕೂರಬೇಕು. ಅದಕ್ಕೇ ಮಾಹಿತಿ ಜೋಡಿಸಿಡುವ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಡೇಟಾಬೇಸ್ ಮಾಡಿದೆ. ಡಿಸೈನ್ ನಂಬರ್, ಅಳತೆ, ಪೇಪರ್, ರೇಟು ಎಲ್ಲ ಸಲೀಸಾಗಿ ಕೂತವು. ತಲೆನೋವು ಕೊಟ್ಟಿದ್ದು ಚಿತ್ರ.

ಆಕ್ಸೆಸ್ ಫಾರ್ಮ್‌ನಲ್ಲಿ, ಅಂದರೆ ಮಾಹಿತಿ ತೋರಿಸುವ ಪರದೆಯಲ್ಲಿ, ಚಿತ್ರಕ್ಕೆ ಇರುವ ಚೌಕಟ್ಟೇ ಇಮೇಜ್ ಕಂಟ್ರೋಲ್. ಅದಕ್ಕೆ ಪಿಎಸ್‌ಡಿ ಓದಲು ಬರುವುದಿಲ್ಲ. ಬೇರೆ ಸಾಫ್ಟ್‌ವೇರ್‌ನ ಫೈಲನ್ನು ಟೇಬಲ್ ಒಳಗೇ ಇಡುವ ಒಎಲ್ಇ ಫೀಲ್ಡ್‌ಗೆ ತುರುಕಿದರೆ ಎಷ್ಟೋ ಸಲ ಚಿತ್ರದ ಜಾಗದಲ್ಲಿ ಬರೀ ಐಕಾನ್ ಕಾಣುತ್ತದೆ. ಗಾತ್ರದ್ದು ಬೇರೆ ಕಥೆ. ಆಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ, ಒಂದು ಫ್ಲೆಕ್ಸ್‌ನ ಪಿಎಸ್‌ಡಿಯೇ ನೂರಾರು ಎಂಬಿ ಇರುತ್ತದೆ. ಹಾಗಾಗಿ ಪಿಎಸ್‌ಡಿ ಫೋಲ್ಡರ್‌ನಲ್ಲೇ ಇರಲಿ, ಅದರಿಂದ ತೆಗೆದ ಚಿಕ್ಕ ಜೆಪೆಗ್ ಫಾರ್ಮ್‌ನಲ್ಲಿ ಕಾಣಲಿ ಅಂತ ತೀರ್ಮಾನ ಮಾಡಿದೆ.

ಈ ಜೆಪೆಗ್ ತೆಗೆಯುವುದರಲ್ಲೇ ಎಲ್ಲಾ ಇರುವುದು. ಪಿಎಸ್‌ಡಿ ಒಳಗೆ ಲೇಯರ್‌ಗಳ (ಒಂದರ ಮೇಲೊಂದು ಕೂತ ಚಿತ್ರದ ಪದರಗಳ) ಜೊತೆಗೆ, ಫೈಲಿನ ಕೊನೆಯಲ್ಲಿ, ಎಲ್ಲಾ ಲೇಯರ್ ಕೂಡಿಸಿದ ಒಂದು ಒಟ್ಟು ಚಿತ್ರಕ್ಕೂ ಜಾಗ ಇದೆ. ಬೇರೆ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಓದುವುದು ಇದನ್ನೇ. ಆದರೆ ಸೇವ್ ಮಾಡುವಾಗ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಇದ್ದರೆ ಮಾತ್ರ ಆ ಚಿತ್ರ ಸರಿಯಾಗಿ ಸೇರುತ್ತದೆ. ಇಲ್ಲದಿದ್ದರೆ ಬಿಳಿ ಹಾಳೆ, ಅದರ ಮೇಲೆ ಒಟ್ಟು ಚಿತ್ರ ಇಲ್ಲ ಅನ್ನುವ ಸೂಚನೆ. ಹೊರಗಿನವರು ಮಾಡಿಕೊಟ್ಟ ಫೈಲ್‌ಗಳಲ್ಲಿ ಇದು ಜಾಸ್ತಿ. ಫೈಲ್ ಸೈಜ್ ಉಳಿಸಲು ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಅಂಥವನ್ನು ಫೋಟೋಶಾಪ್‌ನಲ್ಲಿ ತೆರೆದು, ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ 'ಆಲ್ವೇಸ್' ಇಟ್ಟು, ಮತ್ತೆ ಸೇವ್ ಮಾಡಿದೆ. ಒಟ್ಟು ಚಿತ್ರದಿಂದ ನಮಗೆ ಇನ್ನೊಂದು ಲಾಭ ಇದೆ. ಅದರಲ್ಲಿ ಅಕ್ಷರವೂ ಚಿತ್ರವೇ. ಜೆಪೆಗ್ ಮಾಡುವ ಕಂಪ್ಯೂಟರ್‌ನಲ್ಲಿ ನುಡಿ ಫಾಂಟ್ ಇಲ್ಲದಿದ್ದರೂ ವಧೂವರರ ಹೆಸರು ಕೆಡುವುದಿಲ್ಲ. ಫೋಟೋಶಾಪ್‌ನಂಥದೇ ಉಚಿತ ಸಾಫ್ಟ್‌ವೇರ್ ಜಿಂಪ್‌ನ ಎಕ್ಸ್‌ಸಿಎಫ್ ಫೈಲ್‌ನಲ್ಲಿ ಈ ಒಟ್ಟು ಚಿತ್ರ ಇರುವುದಿಲ್ಲ. ಅದನ್ನು ಜಿಂಪ್‌ನಲ್ಲೇ ತೆರೆದು ಎಕ್ಸ್‌ಪೋರ್ಟ್ ಮಾಡುವುದು ಒಳ್ಳೆಯದು.

ಒಂದೊಂದೇ ಫೈಲ್ ತೆರೆಯುತ್ತಾ ಕೂತರೆ ಲಗ್ನದ ಸೀಸನ್ನೇ ಮುಗಿದುಹೋಗುತ್ತದೆ. ಕಮಾಂಡ್ ಕೊಟ್ಟರೆ ಚಿತ್ರ ಬದಲಿಸಿಕೊಡುವ ಇಮೇಜ್‌ಮ್ಯಾಜಿಕ್ ಹಾಕಿಕೊಂಡು, ಆ ಕಮಾಂಡನ್ನು ಇಡೀ ಫೋಲ್ಡರ್‌ಗೆ ಓಡಿಸುವ ಬ್ಯಾಚ್ ಫೈಲ್ ಬರೆದೆ. ಇಲ್ಲೊಂದು ಸೂಕ್ಷ್ಮ ಇದೆ. ಪಿಎಸ್‌ಡಿಯನ್ನು ಸುಮ್ನೆ ಜೆಪೆಗ್ ಮಾಡು ಅಂದರೆ ಅದು ಲೇಯರ್‌ಗೊಂದು ಫೈಲ್ ಉದುರಿಸುತ್ತದೆ. ಗಣಪತಿ ಒಂದು ಫೈಲ್, ಬಾರ್ಡರ್ ಇನ್ನೊಂದು. ಫೈಲ್ ಹೆಸರಿನ ಬೆನ್ನಿಗೇ [0] ಸೇರಿಸಿದರೆ ಒಟ್ಟು ಚಿತ್ರ ಮಾತ್ರ ಬರುತ್ತದೆ. ಜೆಪೆಗ್‌ನಲ್ಲಿ ಪಾರದರ್ಶಕ ಜಾಗ ಇರುವುದಿಲ್ಲ, ಅದು ಕಪ್ಪಾಗಬಹುದು. ಹಾಗಾಗಿ ಹಿನ್ನೆಲೆ ಬಿಳಿ ಅಂತ ನಾವೇ ಹೇಳಬೇಕು.

ಬಣ್ಣಕ್ಕೆ ಇನ್ನಷ್ಟು ಗಮನ ಬೇಕಾಯಿತು. ಪ್ರಿಂಟಿಗೆ ಹೋಗುವ ಫೈಲ್‌ಗಳು ಸಿಎಂವೈಕೆಯಲ್ಲಿ (ನಾಲ್ಕು ಶಾಯಿಗಳ ಲೆಕ್ಕದಲ್ಲಿ) ಇರುತ್ತವೆ, ಫಾರ್ಮ್‌ಗೆ ಬೇಕಾದ್ದು ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿ. ಬರೀ ಕಲರ್‌ಸ್ಪೇಸ್ ಬದಲಿಸು ಅಂದರೆ ಬಣ್ಣ ಕಣ್ಣು ಕುಕ್ಕುತ್ತದೆ. ಹಸೆ ಚಿತ್ತಾರದ ನೆಲ ಕೆಮ್ಮಣ್ಣಿನದು, ಗೆರೆ ಅಕ್ಕಿ ಹಿಟ್ಟಿನ ಬಿಳಿ. ಆ ಕೆಮ್ಮಣ್ಣು ಪ್ಲಾಸ್ಟಿಕ್ ಬಕೆಟ್‌ನ ಕೆಂಪಾಗಿ ಕಂಡರೆ ಮಲೆನಾಡಿನ ಗಿರಾಕಿ ಅಲ್ಲೇ ಬೇಡ ಅಂತಾರೆ. ಯಾವ ಅಂಕಿಗೆ ನಿಜವಾಗಿ ಯಾವ ಬಣ್ಣ ಅಂತ ಹೇಳುವುದು ಪ್ರೊಫೈಲ್. ಫೈಲ್ ಒಳಗಿನ ಸಿಎಂವೈಕೆ ಪ್ರೊಫೈಲ್‌ನಿಂದ ಎಸ್‌ಆರ್‌ಜಿಬಿ ಪ್ರೊಫೈಲ್‌ಗೆ ಬದಲಿಸಿದಾಗ ಮಣ್ಣಿನ ಬಣ್ಣ ಬಂತು. ಪ್ರೊಫೈಲೇ ಇಲ್ಲದ ಫೈಲ್‌ಗೆ ಮೊದಲು ನಮ್ಮ ಪ್ರೆಸ್‌ನವರು ಬಳಸುವ ಪ್ರೊಫೈಲ್ ಹಚ್ಚಿದೆ.

ಒಟ್ಟು ಚಿತ್ರದಲ್ಲಿ ಕಾಣುವುದು ಸೇವ್ ಮಾಡಿದಾಗ ಆನ್ ಇದ್ದ ಲೇಯರ್ ಮಾತ್ರ. ಒಂದೇ ಪತ್ರಿಕೆಗೆ ಕೆಂಪು, ಹಸಿರು, ಅರಿಶಿನ ಅಂತ ಮೂರು ಬಣ್ಣ ಇದ್ದರೆ ಎರಡು ಅಡಗಿಯೇ ಇರುತ್ತವೆ. ಅಂಥ ಫೈಲ್‌ಗಳಲ್ಲಿ ಬಣ್ಣಕ್ಕೊಂದು ಲೇಯರ್ ಕಾಂಪ್ (ಯಾವ ಲೇಯರ್ ಆನ್, ಯಾವುದು ಆಫ್ ಅನ್ನುವ ದಾಖಲೆ) ಮಾಡಿಟ್ಟೆ. 'ಲೇಯರ್ ಕಾಂಪ್ಸ್ ಟು ಫೈಲ್ಸ್' ಕೊಟ್ಟರೆ ಫೋಟೋಶಾಪ್ ತಾನೇ ಬೇರೆಬೇರೆ ಚಿತ್ರ ಕೊಡುತ್ತದೆ. ಅವು ಇನ್ನೊಂದು ಟೇಬಲ್‌ನಲ್ಲಿ, ಡಿಸೈನ್ ನಂಬರ್‌ನಿಂದ ಮುಖ್ಯ ಟೇಬಲ್‌ಗೆ ಜೋಡಿಸಿ, ಫಾರ್ಮ್ ಒಳಗಿನ ಚಿಕ್ಕ ಫಾರ್ಮ್ ಆದ ಸಬ್‌ಫಾರ್ಮ್‌ನಲ್ಲಿ ಕಾಣುತ್ತವೆ.

ಫಾರ್ಮ್ ಕೆಲಸ ಸುಲಭ. ಆಕ್ಸೆಸ್ 2007ರಿಂದ ಇಮೇಜ್ ಕಂಟ್ರೋಲ್‌ಗೆ ಕಂಟ್ರೋಲ್ ಸೋರ್ಸ್ ಇದೆ, ಫೈಲಿನ ದಾರಿ ಕೊಟ್ಟರೆ ಸಾಕು. ಟೇಬಲ್‌ನಲ್ಲಿ ಫೈಲ್ ಹೆಸರು ಮಾತ್ರ ಇಟ್ಟಿದ್ದೇನೆ. ಮುಂದಿನ ದಾರಿಯನ್ನು ಡೇಟಾಬೇಸ್ ಇರುವ ಫೋಲ್ಡರ್‌ನಿಂದ ಆಕ್ಸೆಸ್ಸೇ ಕಟ್ಟಿಕೊಳ್ಳುತ್ತದೆ, ಹಾಗಾಗಿ ಕಂಪ್ಯೂಟರ್ ಬದಲಾದರೂ ಚಿಂತೆಯಿಲ್ಲ. ಸೈಜ್ ಮೋಡ್ 'ಜೂಮ್' ಇರಲಿ. 'ಸ್ಟ್ರೆಚ್' ಇಟ್ಟರೆ ಗಣಪತಿ ಅಡ್ಡಕ್ಕೆ ಹಿಗ್ಗುತ್ತಾನೆ. ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೂಲ ಪಿಎಸ್‌ಡಿ ತೆರೆಯುವಂತೆ ಒಂದು ಸಾಲು ಕೋಡ್ ಹಾಕಿದ್ದೇನೆ. ಗಿರಾಕಿ ಹೂಂ ಅಂದ ಕೂಡಲೇ ಹೆಸರು, ಮುಹೂರ್ತ ಬದಲಿಸಲು ಶುರು ಮಾಡಬಹುದು.